ಹಳೇ ಫೋನು, 15 ಅಂಕಿ

ಮುಖ ಕಾಣದವರಿಂದ ಆನ್‌ಲೈನಿನಲ್ಲಿ ಹಳೇ ಫೋನು ಕೊಳ್ಳುವುದೆಂದರೆ ನನ್ನಂಥ ನಿವೃತ್ತ ಬ್ಯಾಂಕ್ ಗುಮಾಸ್ತನಿಗೆ ಅನುಮಾನವೇ ಮೊದಲು. "ನಾನು ಸೈನಿಕ, ವರ್ಗವಾಗಿದೆ, ಮುಂಗಡ ಹಾಕಿ, ಕೊರಿಯರ್ ಮಾಡುತ್ತೇನೆ" ಎಂದ ಒಬ್ಬ, ಮೊಮ್ಮಗಳಿಗೆ. ಸೈನಿಕನೆಂದರೆ ನಮ್ಮ ಮನಸ್ಸು ಕರಗುತ್ತದೆಂದು ಇಂಥ ಖದೀಮರಿಗೆ ಚೆನ್ನಾಗಿ ಗೊತ್ತು! "ವಸ್ತು ನೋಡಿದ ಮೇಲೇ ದುಡ್ಡು" ಎಂದು ಹೇಳಿಸಿದೆ. ಅವನು ಮತ್ತೆ ಮಾತಾಡಲಿಲ್ಲ.

ಆಮೇಲೆ ನಮ್ಮೂರಿನವರೇ ಒಬ್ಬರು ಸಿಕ್ಕರು. ಹಾಡಹಗಲು, ಜನ ತುಂಬಿದ ಹೋಟೆಲಿನಲ್ಲಿ ಕೂತೆವು. *#06# ಒತ್ತಿದೊಡನೆ 15 ಅಂಕಿಯ ಐಎಂಇಐ ಬಂತು. ಫೋನಿಗೆ ಅದು ನಮ್ಮ ಖಾತೆ ನಂಬರಿದ್ದಂತೆ. ಬಿಲ್ಲಿನೊಡನೆ ತಾಳೆ ನೋಡಿದೆ. ಮೊಮ್ಮಗಳು ಇಂಗ್ಲಿಷಿನಲ್ಲಿ ಕೆವೈಎಂ ಎಂದು ಬರೆದು, ಜಾಗ ಬಿಟ್ಟು, ಆ ಅಂಕಿಗಳನ್ನು 14422ಕ್ಕೆ ಮೆಸೇಜ್ ಮಾಡಿದಳು. ಕಳವಿನದೆಂದು ತಡೆಹಿಡಿದ ಫೋನಾದರೆ ಉತ್ತರದಲ್ಲೇ ತಿಳಿಯುತ್ತದೆ. ಇದು ಹಾಗಿರಲಿಲ್ಲ. ಅವರ ಗೂಗಲ್ ಖಾತೆ ತೆಗೆಸಿ, ಕ್ಯಾಮೆರಾ, ಚಾರ್ಜರ್ ನೋಡಿದ ಮೇಲೆ ಯುಪಿಐ ಪಿನ್ ಒತ್ತಿದೆ. ಬಿಲ್ಲಿನ ಹಿಂದೆ ಸಹಿಯನ್ನೂ ಹಾಕಿಸಿಕೊಂಡೆ. "ತಾತ, ನೀನಿನ್ನೂ ಬ್ಯಾಂಕಿನಲ್ಲೇ ಇದ್ದೀಯಾ?" ಎಂದು ಮೊಮ್ಮಗಳು ನಕ್ಕಳು.