ಕಾಣೆಯಾದ ಮೀನಿನ ಲೆಕ್ಕ

ಅಕ್ವೇರಿಯಂನಲ್ಲಿ ಮೀನು ಸತ್ತು ತೇಲಿದರೆ ದುಃಖವಾಗುತ್ತದೆ. ಮೀನೇ ಕಾಣದೆ ಹೋದರೆ ದುಃಖಪಡುವುದಕ್ಕೂ ಮನಸ್ಸು ಒಪ್ಪುವುದಿಲ್ಲ. ಎಲ್ಲೋ ಇದ್ದೀತು, ಸಂಜೆಗೆ ಕಲ್ಲಿನ ಸಂದಿಯಿಂದ ಹೊರಬಂದೀತು ಎಂದು ಕಾಯುತ್ತಲೇ ಇರುತ್ತೇವೆ.

ನಾವಿರುವುದು ವಿಶಾಖಪಟ್ಟಣದ ಉಕ್ಕಿನ ಕಾರ್ಖಾನೆಯ ಮಗ್ಗುಲಿನ ದುವ್ವಾಡದಲ್ಲಿ. ಕುಂದಾಪುರದ ಕಡೆಯವಳಾದ ನನಗೆ ಸೂರ್ಯ ಮುಳುಗುವ ಕಡಲು ಗೊತ್ತು. ಇಲ್ಲಿಯದು ಸೂರ್ಯ ಹುಟ್ಟುವ ಕಡಲು. ಎರಡೂ ಕಡಲುಗಳ ಪ್ರೀತಿಗೆ ಮನೆಯ ಹಾಲ್‌ನಲ್ಲೊಂದು ಉಪ್ಪುನೀರಿನ ತೊಟ್ಟಿ ಇದೆ. ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿನ ನೀರು, ಸೆರಾಮಿಕ್ ಕಲ್ಲುಗಳು, ತಳದಲ್ಲಿ ಮರಳು, ಒಂದು ಜೋಡಿ ಕ್ಲೌನ್ ಮೀನು. ಜೊತೆಗೆ ಒಂದು ಹಳದಿ ರಾಸ್ ಮೀನು ಇತ್ತು. “ಆಂಟೀ, ಪಸುಪು ಚೇಪ ಏದಿ?” ಎಂದು ಪಕ್ಕದ ಮನೆಯ ಹುಡುಗಿ ತೆಲುಗಿನಲ್ಲಿ ಕೇಳಿದಾಗಲೇ ಆ ಹಳದಿ ಮೀನು ಇಲ್ಲವೆಂಬುದು ನಮಗೆಲ್ಲ ತಿಳಿದದ್ದು.

ಮೊದಲು ಗಾಬರಿಯಾಗಲಿಲ್ಲ. ಈ ಜಾತಿಯ ಮೀನು ಕತ್ತಲಾಗುತ್ತಲೇ ಮರಳಿನೊಳಗೆ ಹೂತುಕೊಂಡು ಮಲಗುತ್ತದೆ. ಹೆದರಿದರೂ ಅಲ್ಲಿಗೇ ನುಗ್ಗುತ್ತದೆ; ಹೊಸ ಜಾಗವಾದರೆ ದಿನಗಟ್ಟಲೆ ಮೇಲೆ ಬಾರದಿರುವುದೂ ಉಂಟು. ಆದ್ದರಿಂದ ಮರಳು ಕೆದಕದೆ ಕಾಯುವುದೇ ಸರಿ. ಕಾಯುತ್ತಲೇ ನೆಲ ನೋಡಬೇಕು. ರಾಸ್, ಗೋಬಿಯಂಥ ಮೀನುಗಳು ಬೆಚ್ಚಿದರೆ ಚಂಗನೆ ಜಿಗಿಯುತ್ತವೆ. ಮುಚ್ಚಳದಲ್ಲಿ ಬೆರಳಗಲದ ಸಂದಿ ಸಾಕು. ಸೋಫಾದ ಹಿಂದೆ, ಪರದೆಯ ಮಡಿಕೆಯಲ್ಲಿ, ನೀರು ಇಳಿದುಹೋಗುವ ಪೈಪಿನಲ್ಲಿ, ಕೆಳಗಿನ ಫಿಲ್ಟರ್ ಪೆಟ್ಟಿಗೆಯಲ್ಲಿ ಹುಡುಕಿದೆವು. ಸಮುದ್ರದ ಕಲ್ಲು ತಂದಿಟ್ಟವರಾದರೆ ಇನ್ನೊಂದು ಅನುಮಾನವೂ ಬೇಕು. ಅದರ ತೂತುಗಳಲ್ಲಿ ಅಡಗಿ ಬಂದ ಮ್ಯಾಂಟಿಸ್ ಸೀಗಡಿ, ಏಡಿಗಳು ರಾತ್ರಿ ಹೊರಬಂದು ಮಲಗಿದ ಮೀನನ್ನು ಹಿಡಿಯಬಲ್ಲವು.

ನಮ್ಮ ಮೀನು ಸಿಗಲಿಲ್ಲ. ಒಂದು ಮುಳ್ಳು ಕೂಡ ಸಿಗಲಿಲ್ಲ. ಇದರಲ್ಲಿ ಪವಾಡವೇನಿಲ್ಲ. ಸನ್ಯಾಸಿ ಏಡಿ, ಬಸವನಹುಳು, ಮರಳಿನಲ್ಲಿರುವ ಮುಳ್ಳುಹುಳುಗಳು ಸೇರಿದರೆ ಚಿಕ್ಕ ಮೀನಿನ ದೇಹ ಬೆಳಗಾಗುವುದರೊಳಗೆ ಕರಗಿಹೋಗುತ್ತದೆ. ಹವಳದ ದಿಬ್ಬ ನಡೆಯುವುದೇ ಹಾಗೆ: ಸತ್ತದ್ದು ವ್ಯರ್ಥವಾಗದೆ ಇನ್ನೊಂದರ ಹೊಟ್ಟೆ ಸೇರುತ್ತದೆ. ಹೀಗೆ ತನ್ನನ್ನು ತಾನೇ ಶುಚಿಮಾಡಿಕೊಳ್ಳುವ ಆ ಜಗತ್ತಿನ ಬಗ್ಗೆ ನನ್ನ ಗೌರವ ಹೆಚ್ಚಿತು.

ಆದರೆ ಆ ಮೀನು ಕಾಣೆಯಾದದ್ದು ನಮ್ಮ ಹಾಲ್‌ನಲ್ಲಿ ಎಂಬುದು ಅರ್ಧ ಸತ್ಯ. ಹಳದಿ ರಾಸ್ ಮೀನುಗಳನ್ನು ಹೆಚ್ಚಾಗಿ ಕಡಲಿನ ಹವಳದ ದಿಬ್ಬಗಳಿಂದಲೇ ಹಿಡಿದು ಮಾರುತ್ತಾರೆ. ಅಂದರೆ ನಮ್ಮ ಮನೆಗೆ ಬರುವ ಮೊದಲೇ ಅದು ತನ್ನ ಊರಿನಿಂದ ಕಾಣೆಯಾಗಿತ್ತು. ಅಲ್ಲಿ “ಏದಿ?” ಎಂದು ಕೇಳುವವರಿರಲಿಲ್ಲ. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳ ಕೆಲವೆಡೆ ಸಯನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿದ ಇತಿಹಾಸವಿದೆ. ಆ ವಿಷ ಅಕ್ಕಪಕ್ಕದ ಹವಳವನ್ನೂ ಕೊಲ್ಲುತ್ತದೆ. ಸಾಲದ್ದಕ್ಕೆ, ಕಡಲು ಬಿಸಿಯಾಗಿ 2024ರಲ್ಲಿ ಲಕ್ಷದ್ವೀಪದ ಹವಳಗಳು ಬಿಳಿಚಿಕೊಂಡವು. ನಮ್ಮ ಮುರುಡೇಶ್ವರದ ಎದುರಿಗಿರುವ ನೇತ್ರಾಣಿ ದ್ವೀಪದ ಸುತ್ತಲೂ ಹವಳವಿದೆ, ಬಣ್ಣದ ಮೀನುಗಳಿವೆ. ಅವು ಅಲ್ಲೇ ಇರಬೇಕಾದವು.

ಹಾಗೆಂದು ತೊಟ್ಟಿಯನ್ನೇ ಒಡೆದುಹಾಕಬೇಕೆಂದು ನಾನು ಹೇಳುವುದಿಲ್ಲ. ಕೇಂದ್ರೀಯ ಸಮುದ್ರ ಮೀನುಗಾರಿಕೆ ಸಂಶೋಧನಾ ಸಂಸ್ಥೆಯ ವಿಳಿಂಞಂ, ಮಂಡಪಂ ಕೇಂದ್ರಗಳಲ್ಲಿ ಕ್ಲೌನ್ ಮೀನುಗಳನ್ನು ತೊಟ್ಟಿಯಲ್ಲೇ ಮರಿಮಾಡಿಸಿ ಬೆಳೆಸಿದ್ದಾರೆ. ಹಾಗೆ ತೊಟ್ಟಿಯಲ್ಲೇ ಹುಟ್ಟಿದ ಮೀನು ಕಡಲಿನಿಂದ ಏನನ್ನೂ ಕಸಿದದ್ದಲ್ಲ. ಅದನ್ನು ನೋಡಿ ಕಲಿಯುವುದಕ್ಕೆ ಬೇಕಾದಷ್ಟಿದೆ. ಕ್ಲೌನ್ ಮೀನುಗಳಲ್ಲಿ ದೊಡ್ಡದು ಹೆಣ್ಣು. ಅದು ಹೋದರೆ ಜೊತೆಗಿದ್ದ ಗಂಡೇ ಬೆಳೆದು ಹೆಣ್ಣಾಗುತ್ತದೆ. ಒಂದು ಮೀನು ಇಲ್ಲವಾದದ್ದನ್ನು ಉಳಿದ ಮೀನು ತನ್ನ ಮೈಯಲ್ಲೇ ದಾಖಲಿಸುತ್ತದೆ. ಇಷ್ಟು ಸೂಕ್ಷ್ಮವಾದ ಸಂಸಾರವನ್ನು ಸಾಕುವವರಿಗೆ ಜವಾಬ್ದಾರಿಯೂ ಅಷ್ಟೇ ಇರಬೇಕು.

ಉಪ್ಪುನೀರಿನ ತೊಟ್ಟಿಯ ಆಸೆಯಿರುವವರಲ್ಲಿ ನನ್ನ ಕೋರಿಕೆ ಇಷ್ಟೆ. ತೊಟ್ಟಿಯ ಮೇಲೆ ಸಣ್ಣ ಕಣ್ಣಿನ ಬಲೆ ಹಾಸಿ. ಕಲ್ಲಿನಂಥ ಗಟ್ಟಿ ಹವಳಗಳಿಗೂ ಕಡಲ್ಗುದುರೆಗಳಿಗೂ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅವನ್ನು ಯಾರಾದರೂ ಮಾರಲು ಬಂದರೆ ಬೇಡವೆನ್ನಿ. ಮೀನು ಕೊಳ್ಳುವಾಗ ಬೆಲೆಗಿಂತ ಮೊದಲು ಅದು ಎಲ್ಲಿ ಹುಟ್ಟಿದ್ದೆಂದು ಕೇಳಿ. ಸರಿಯಾದ ಉತ್ತರ ಸಿಗದಿದ್ದರೆ ಕೊಳ್ಳಬೇಡಿ.