ಅಡಿಟಿಪ್ಪಣಿಗೆ ಬಿಟ್ಟ ಜಾಗ

ತೊಂಬತ್ತರ ದಶಕದ ನಡುವಿನಲ್ಲಿ ನಾನು ಎಲ್‌ಎಲ್‌.ಎಂ. ಓದುವಾಗ ಡಿಸರ್ಟೇಶನ್ನಿನ ಅರ್ಧ ಕೆಲಸ ಟೈಪಿಂಗ್ ಅಂಗಡಿಯಲ್ಲೇ ನಡೆಯುತ್ತಿತ್ತು. ಡಿಟಿಪಿ ಬಂದಿತ್ತಾದರೂ ಅದರ ದರ ನಮಗೆ ಎಟುಕುತ್ತಿರಲಿಲ್ಲ. ಬಾಂಡ್ ಪೇಪರುಗಳ ನಡುವೆ ಕಾರ್ಬನ್ ಇಟ್ಟು ರೆಮಿಂಗ್ಟನ್ ಯಂತ್ರದಲ್ಲಿ ಹೊಡೆಸುತ್ತಿದ್ದೆವು. ಸ್ಪಷ್ಟವಾದ ಪ್ರತಿಗಳು ವಿಶ್ವವಿದ್ಯಾಲಯಕ್ಕೆ, ಕೊನೆಯ ಮಸುಕು ಪ್ರತಿ ನಮಗೆ.

ನನ್ನ ವಿಷಯ ಕ್ಯಾಪಿಟೇಶನ್ ಶುಲ್ಕ. ಅದನ್ನು ನಿಷೇಧಿಸುವ ಕಾಯ್ದೆಯನ್ನು ಕರ್ನಾಟಕ 1984ರಲ್ಲೇ ಮಾಡಿತ್ತು. ಆದರೆ ಖಾಸಗಿ ವೈದ್ಯಕೀಯ ಕಾಲೇಜುಗಳ ವಾರ್ಷಿಕ ಶುಲ್ಕ ಸರ್ಕಾರಿ ಸೀಟಿಗೆ 2,000 ರೂಪಾಯಿ, ರಾಜ್ಯದ ಇತರ ವಿದ್ಯಾರ್ಥಿಗಳಿಗೆ 25,000, ಹೊರರಾಜ್ಯದವರಿಗೆ 60,000 ರೂಪಾಯಿವರೆಗೆ ಎಂದು 1989ರಲ್ಲಿ ಸರ್ಕಾರವೇ ಅಧಿಸೂಚನೆ ಹೊರಡಿಸಿತು. ಮೀರತ್ತಿನ ಮೋಹಿನಿ ಜೈನ್ ಇದನ್ನು ಪ್ರಶ್ನಿಸಿದರು. ಹೆಚ್ಚುವರಿಯಾಗಿ ಪಡೆಯುವ ಹಣ ಕ್ಯಾಪಿಟೇಶನ್ನೇ ಎಂದು ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿತು. ಮರುವರ್ಷವೇ ಉನ್ನಿಕೃಷ್ಣನ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ತೀರ್ಪನ್ನು ಭಾಗಶಃ ಬದಲಿಸಿತು.

ಒಂದು ತೀರ್ಪು ಇನ್ನೂ ಊರ್ಜಿತದಲ್ಲಿದೆಯೇ ಎಂದು ತಿಳಿಯಲು ಆಗ ನಮಗೆ ಇದ್ದದ್ದು ಒಂದೇ ದಾರಿ: ತೀರ್ಪುಗಳ ವರದಿಯಾದ ಎಐಆರ್ (ಆಲ್ ಇಂಡಿಯಾ ರಿಪೋರ್ಟರ್) ಸಂಪುಟಗಳ ಸೂಚಿಗಳನ್ನು ಒಂದೊಂದಾಗಿ ತಿರುವುವುದು. ಬೇಕಾದ ಸಂಪುಟ ಬೈಂಡಿಂಗಿಗೆ ಹೋಗಿದ್ದರೆ ಕಾಯಬೇಕಿತ್ತು. ಒಳ್ಳೆಯ ಗ್ರಂಥಾಲಯವಿಲ್ಲದ ಊರಿನವರ ಡಿಸರ್ಟೇಶನ್ ಆ ಕಾರಣಕ್ಕೇ ಸೊರಗುತ್ತಿತ್ತು. ಅದನ್ನು ನಾನು ಸುವರ್ಣಕಾಲ ಎನ್ನಲಾರೆ.

ಟೈಪಿಸ್ಟಿಗೆ ನಿಜವಾದ ಪರೀಕ್ಷೆ ಅಡಿಟಿಪ್ಪಣಿಗಳದ್ದು. "ಮೊದಲೇ ಹೇಳ್ಬಿಡಿ ಸಾರ್, ಕೆಳಗೆ ಎಷ್ಟು ಸಾಲು ಬಿಡ್ಲಿ?" ಎಂದು ಪ್ರತಿ ಪುಟಕ್ಕೂ ಕೇಳುತ್ತಿದ್ದರು. ನಾನು ಎಣಿಸಿ ಹೇಳಬೇಕು, ಅವರು ಹಾಳೆಯ ಅಂಚಿಗೆ ಪೆನ್ಸಿಲ್ ಗುರುತು ಹಾಕಿಕೊಳ್ಳಬೇಕು. ಟಿಪ್ಪಣಿಯ ಅಂಕಿಯನ್ನು ಸಾಲಿಗಿಂತ ಮೇಲೆ ಕೂರಿಸಲು ರೋಲರನ್ನು ಕೈಯಿಂದ ಅರ್ಧ ಸಾಲಿನಷ್ಟು ತಿರುಗಿಸುತ್ತಿದ್ದರು. ಓರೆ ಅಕ್ಷರ ಇಲ್ಲದ್ದರಿಂದ ಪ್ರಕರಣದ ಹೆಸರಿಗೆ ಅಡಿಗೆರೆ. ಮಧ್ಯದಲ್ಲಿ ಒಂದು ಟಿಪ್ಪಣಿ ಸೇರಿತೆಂದರೆ ಅಧ್ಯಾಯ ಮುಗಿಯುವವರೆಗಿನ ಅಂಕಿಗಳೆಲ್ಲ ಬದಲಾಗಬೇಕು. ಆದ್ದರಿಂದ ಹಸ್ತಪ್ರತಿ ಅಂಗಡಿಗೆ ಹೋಗುವ ಮೊದಲೇ ಪ್ರತಿ ಸೈಟೇಶನ್ನನ್ನೂ ಮೂಲ ಸಂಪುಟದೊಡನೆ ಹೋಲಿಸಿ ನೋಡುತ್ತಿದ್ದೆವು. ತಿದ್ದುಪಡಿಯ ಕಷ್ಟವೇ ಆ ಶಿಸ್ತನ್ನು ತಂದಿತ್ತು. ಆಮೇಲೆ ಗೈಡ್ ಸಹಿ, ರೆಕ್ಸಿನ್ ಬೈಂಡಿಂಗ್, ರಟ್ಟಿನ ಮೇಲೆ ಚಿನ್ನದ ಬಣ್ಣದ ಅಕ್ಷರ, ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ.

ಈಗ ನಾನು ಪರೀಕ್ಷಕ. ಅಂಕಿಗಳು ತಾವೇ ಸರಿಹೊಂದುತ್ತವೆ, ಪ್ರಕರಣಗಳ ಪಟ್ಟಿ ಕ್ಷಣದಲ್ಲಿ ಸಿದ್ಧವಾಗುತ್ತದೆ. ಸುಪ್ರೀಂ ಕೋರ್ಟಿನ ಇ-ಎಸ್‌ಸಿಆರ್ ಜಾಲತಾಣ 2023ರಿಂದ ವರದಿಯಾದ ತೀರ್ಪುಗಳನ್ನು ಉಚಿತವಾಗಿ ಕೊಡುತ್ತಿದೆ. ಅದೇ ವರ್ಷ ಪ್ರತಿ ತೀರ್ಪಿಗೂ ನ್ಯಾಯಾಲಯದ್ದೇ ಆದ ತಟಸ್ಥ ಉಲ್ಲೇಖ ಸಂಖ್ಯೆಯೂ ಬಂತು. ಹಳ್ಳಿಯ ಮನೆಯಲ್ಲಿ ಕೂತ ವಿದ್ಯಾರ್ಥಿಗೂ ಮೋಹಿನಿ ಜೈನ್ ತೀರ್ಪು ಸಿಗುತ್ತದೆ. ಇದು ದೊಡ್ಡ ನ್ಯಾಯ. ಉಲ್ಲೇಖದ ಪದ್ಧತಿಗೆ ಮಾತ್ರ ಹಲವು ಕಾಲೇಜುಗಳು ಅಮೆರಿಕದ ಬ್ಲೂಬುಕ್ಕನ್ನೇ ಹಿಡಿದಿವೆ. ದೆಹಲಿಯ ಇಂಡಿಯನ್ ಲಾ ಇನ್‌ಸ್ಟಿಟ್ಯೂಟಿನ ನಿಯಮಗಳು ಇರುವಾಗ ನಮ್ಮ ತೀರ್ಪುಗಳಿಗೆ ಅದು ಅಗತ್ಯವಿಲ್ಲ ಎಂದೇ ನನ್ನ ಅಭಿಪ್ರಾಯ.

ನನ್ನ ಆತಂಕ ಬೇರೆ ಕಡೆ ಇದೆ. ಕೃತಿಚೌರ್ಯ ಕುರಿತ ಯುಜಿಸಿಯ 2018ರ ನಿಯಮದಂತೆ ಬೇರೆ ಬರಹಗಳೊಂದಿಗಿನ ಹೋಲಿಕೆ ಶೇ. 10ರೊಳಗಿದ್ದರೆ ದಂಡನೆಯಿಲ್ಲ. ವಿದ್ಯಾರ್ಥಿಗಳ ಶ್ರಮವೆಲ್ಲ ಆ ಅಂಕಿಯನ್ನು ಇಳಿಸುವುದಕ್ಕೇ ಹೋಗುತ್ತಿದೆ. ಪದ ಬದಲಿಸಿ ಬರೆದ ವಾಕ್ಯ ತಂತ್ರಾಂಶದ ಕಣ್ಣು ತಪ್ಪಿಸಿಕೊಳ್ಳುತ್ತದೆ, ಜೊತೆಗೆ ತೀರ್ಪಿನ ಅರ್ಥವನ್ನೂ ಕೆಡಿಸುತ್ತದೆ. ಉಲ್ಲೇಖಿಸಿದ ತೀರ್ಪು ನಿಜಕ್ಕೂ ಇದೆಯೇ, ಅದರಲ್ಲಿ ಆ ಮಾತಿದೆಯೇ ಎಂಬುದನ್ನು ಹೋಲಿಕೆಯ ವರದಿ ಹೇಳುವುದಿಲ್ಲ. ಕೃತಕ ಬುದ್ಧಿಮತ್ತೆ ಹುಟ್ಟಿಸುವ ತೀರ್ಪಿಗೆ ಹೆಸರು, ವರ್ಷ, ಪುಟ ಎಲ್ಲವೂ ಇರುತ್ತವೆ. ತೀರ್ಪು ಮಾತ್ರ ಇರುವುದಿಲ್ಲ. ಇಲ್ಲದ ತೀರ್ಪುಗಳನ್ನು ಆಧರಿಸಿ ಬೆಂಗಳೂರಿನ ಸಿವಿಲ್ ನ್ಯಾಯಾಲಯವೊಂದು ಕೊಟ್ಟ ಆದೇಶ 2025ರಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ಬಂದಿತ್ತು. ನ್ಯಾಯಪೀಠದವರೆಗೆ ಹೋದ ಈ ರೋಗವನ್ನು ತಡೆಯಬೇಕಾದದ್ದು ಡಿಸರ್ಟೇಶನ್ ಹಂತದಲ್ಲೇ.

ಈ ವರ್ಷ ಸಲ್ಲಿಸುವವರಲ್ಲಿ ನನ್ನ ಕೋರಿಕೆ ಇಷ್ಟೆ: ಪಿಡಿಎಫ್ ಕಳುಹಿಸುವ ಮುನ್ನ ಪ್ರತಿ ಅಡಿಟಿಪ್ಪಣಿಯ ತೀರ್ಪನ್ನೂ ನೀವೇ ತೆರೆದು, ಉಲ್ಲೇಖಿಸಿದ ಪ್ಯಾರಾವನ್ನು ಪೂರ್ತಿ ಓದಿ. ಸಿಗದ ತೀರ್ಪನ್ನು ಪಟ್ಟಿಯಿಂದ ತೆಗೆದುಹಾಕಿ.