ಬಯಲುಸೀಮೆಯ ಕೆರೆಗಳೂ ಗರಿಗಾಳವೂ

ತುಮಕೂರಿನಿಂದ ಉತ್ತರಾಭಿಮುಖವಾಗಿ ಹೊರಟ ಪ್ರವಾಸಿಗೆ ಕೊರಟಗೆರೆಯನ್ನು ದಾಟುತ್ತಲೇ ಬಂಡೆಗಳ ಸಾಮ್ರಾಜ್ಯ ಎದುರಾಗುತ್ತದೆ. ಮಧುಗಿರಿಯ ಏಕಶಿಲಾ ಬೆಟ್ಟ ದಾರಿಯುದ್ದಕ್ಕೂ ಕಾವಲು ನಿಂತಂತಿರುತ್ತದೆ. ಎತ್ತ ನೋಡಿದರತ್ತ ಹುಣಿಸೆ, ಜಾಲಿ, ಕಡಲೆಕಾಯಿಯ ಹೊಲ. ಇಂಥ ನಾಡಿನಲ್ಲಿ ಮೀನು ಹಿಡಿಯುವ ಉಪಕರಣಗಳ ಮಾತೆತ್ತಿದರೆ ಓದುಗರು ನಕ್ಕಾರು. ಆದರೆ ದೇವರಾಯನದುರ್ಗದಲ್ಲಿ ಹುಟ್ಟಿದ ಜಯಮಂಗಲಿ ಈ ಸೀಮೆಯಲ್ಲೇ ಹಾದು ಉತ್ತರ ಪಿನಾಕಿನಿಯನ್ನು ಸೇರುತ್ತಾಳೆ. ಗೊರವನಹಳ್ಳಿಯ ಬಳಿ ತೀತಾ ಜಲಾಶಯವಿದೆ. ಕಳ್ಳಂಬೆಳ್ಳ, ಶಿರಾ ಕೆರೆಗಳಿಗೆ ದೂರದ ಹೇಮಾವತಿಯ ನೀರು ನಾಲೆಯಲ್ಲಿ ಬರುತ್ತದೆ. ಶಿರಾ ಬಳಿಯ ಕಗ್ಗಲಡುವಿನ ಹುಣಿಸೆಮರಗಳಲ್ಲಿ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದೇಕೆ? ಸುತ್ತಲ ಕೆರೆಗಳಲ್ಲಿ ಮೀನುಂಟು, ಅದಕ್ಕೆ.

ಈ ಕೆರೆಗಳಲ್ಲಿ ಕಾಟ್ಲ, ರೋಹು ಮರಿಗಳನ್ನು ಬಿಟ್ಟು ಬೆಳೆಸುತ್ತಾರೆ. ತಾವಾಗಿಯೇ ಇರುವವು ಗೆಂಡೆ, ಕುಚ್ಚು, ಚೇಳುಮೀನು. 1952ರಲ್ಲಿ ಭಾರತಕ್ಕೆ ಬಂದ ತಿಲಾಪಿಯಾ ‘ಜಿಲೇಬಿ’ ಎಂಬ ಸಿಹಿಯಾದ ಹೆಸರು ಪಡೆದು ಎಲ್ಲೆಲ್ಲೂ ತುಂಬಿಕೊಂಡಿದೆ. ಹುಡುಗರ ಸಾಧನ ಬಿದಿರಿನ ಕೋಲು, ಬೆಂಡು, ಎರೆಹುಳು. ನನ್ನ ಚೀಲದಲ್ಲಿದ್ದುದು ಇನ್ನೊಂದು ಬಗೆ: ಗರಿ, ರೇಷ್ಮೆ, ಉಣ್ಣೆಗಳನ್ನು ಕೊಂಡಿಗೆ ಸುತ್ತಿ ಕೀಟದಂತೆ ಮಾಡಿದ ಹುಸಿ ಎರೆ. ಆಂಗ್ಲರು ಅದನ್ನು ಫ್ಲೈ ಎನ್ನುತ್ತಾರೆ; ನಾನು ಗರಿಗಾಳವೆನ್ನುತ್ತೇನೆ.

ಈ ಹವ್ಯಾಸವನ್ನು ಪರದೇಶದ ತಣ್ಣನೆಯ ತೊರೆಗಳಿಗೇ ಮೀಸಲೆಂದು ಭಾವಿಸಬೇಕಾಗಿಲ್ಲ. ಮದ್ರಾಸ್ ಸಿವಿಲ್ ಸರ್ವಿಸಿನ ಹೆನ್ರಿ ಸಲಿವನ್ ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ನಮ್ಮ ಮಂಗಳೂರಿನಲ್ಲೇ ಅಚ್ಚಾಯಿತು. 1887ರಲ್ಲಿ ಅದೇ ಮಹನೀಯನು ‘ಟ್ಯಾಂಕ್ ಆಂಗ್ಲಿಂಗ್ ಇನ್ ಇಂಡಿಯಾ’ ಎಂದು ಕೆರೆಯ ಗಾಳಗಾರಿಕೆಗೇ ಒಂದು ಪುಸ್ತಕವನ್ನು ಮೀಸಲಿಟ್ಟನು. ನದಿಯ ಮಹಸೀರಿನ ವೈಭವದ ಮುಂದೆ ಕೆರೆ ಬಡವಿಯೆಂದು ತಿಳಿದವರು ಇದನ್ನು ಗಮನಿಸಬೇಕು.

ಇನ್ನು ಉಪಕರಣಗಳು. ಮೊದಲನೆಯದು ವೈಸ್, ಎಂದರೆ ಕೊಂಡಿಯನ್ನು ಕಚ್ಚಿ ಹಿಡಿಯುವ ಇಕ್ಕುಳ. ಅಂಗಡಿಯಲ್ಲಿ ಅದರ ಹೊಳಪನ್ನು ನೋಡಿ ಮರುಳಾಗದಿರಿ. ಒಂದು ಕೊಂಡಿಯನ್ನು ಸಿಕ್ಕಿಸಿ ಅದರ ಕಣ್ಣಿನ ತುದಿಯನ್ನು ಬೆರಳಿನಿಂದ ಕೆಳಕ್ಕೆ ಒತ್ತಿರಿ. ಕೊಂಡಿ ಬಾಗಿ ಚಿಮ್ಮಿದರೆ ದವಡೆ ಒಳ್ಳೆಯದು. ಜಾರಿದರೆ ಬಿಟ್ಟು ಬನ್ನಿ. ಮೇಜಿನ ಅಂಚಿಗೆ ತಿರುಪಿನಿಂದ ಬಿಗಿಯುವ ವೈಸ್ ಹಗುರ. ಭಾರವಾದ ಪೀಠದ ವೈಸನ್ನು ಎಲ್ಲಿ ಬೇಕಾದರೂ ಇಡಬಹುದಾದರೂ, ಬಸ್ಸಿನಲ್ಲಿ ಅದನ್ನು ಹೊತ್ತು ಪಾವಗಡಕ್ಕೆ ಹೋಗಬೇಕಾದವನು ಎರಡು ಬಾರಿ ಯೋಚಿಸಬೇಕು. ಪ್ರವಾಸಿಗೆ ತಿರುಪಿನದೇ ಲೇಸೆಂದು ನನ್ನ ಮತ.

ಕತ್ತರಿಯ ತುದಿ ಸೂಜಿಯಂತಿರಬೇಕು. ತಂತಿಯನ್ನು ಆ ತುದಿಯಿಂದ ಕತ್ತರಿಸುವವನಿಗೆ ಕತ್ತರಿ ಬಹುಕಾಲ ಬಾಳದು. ಅಲಗಿನ ಬುಡವಿರುವುದೇ ಅದಕ್ಕೆ. ಅಕ್ಕಸಾಲಿಗರ ಬಳಿ ಇರುವಂಥ ನವುರಾದ ಚಿಮ್ಮಟ ಗರಿಯ ತುದಿಯನ್ನು ಹಿಡಿದು ಸುತ್ತಲು ಸಾಕಾಗುತ್ತದೆ, ಅದರ ಬಾಯಂಚು ಗರಿಯನ್ನು ಕಡಿಯದಷ್ಟು ಮೊಂಡಾಗಿದ್ದರೆ.

ನೂಲನ್ನು ಹಿಡಿಯುವ ಬಾಬಿನ್ನಿನದೇ ದೊಡ್ಡ ವಿಚಾರ. ಅದರ ನಳಿಗೆಯ ಬಾಯಿ ಒರಟಾಗಿದ್ದರೆ ರೇಷ್ಮೆ ಎಳೆ ಎಳೆಯಾಗಿ ಸವೆದು, ಗರಿಗಾಳ ಮುಗಿಯುವ ಹೊತ್ತಿಗೆ ತುಂಡಾಗುತ್ತದೆ. ಕೈ ಬಿಟ್ಟರೆ ನೂಲು ಸಡಿಲವಾಗದೆ ಬಾಬಿನ್ ತೂಗುತ್ತಿರಬೇಕು, ಎಳೆದರೆ ಮಾತ್ರ ನೂಲು ಬಿಡಬೇಕು. ಈ ತತ್ತ್ವವನ್ನು ಪಾವಗಡ ತಾಲ್ಲೂಕಿನ ವೈ.ಎನ್. ಹೊಸಕೋಟೆಯ ರೇಷ್ಮೆ ನೇಕಾರರಿಗೆ ಯಾರೂ ಕಲಿಸಬೇಕಾಗಿಲ್ಲ. ಲಾಳಿಯೊಳಗಿನ ಕಂಡಿಕೆ ಹೆಚ್ಚು ಬಿಗಿದರೆ ಎಳೆ ಕಡಿಯುತ್ತದೆ, ಸಡಿಲಿದರೆ ಸೀರೆಯ ಅಂಚು ಕೆಡುತ್ತದೆ. ನೂಲಿಗೆ ಜೇನುಮೇಣ ಸವರಿದರೆ ಹಿಡಿತ ಹೆಚ್ಚುತ್ತದೆ.

ಸಾಮಗ್ರಿಯ ವಿಷಯದಲ್ಲಂತೂ ಈ ಸೀಮೆ ಶ್ರೀಮಂತವೇ ಸರಿ. ಕಂಬಳಿಗೆ ಬೇಕಾದ ಉಣ್ಣೆ ಶಿರಾ ಸೀಮೆಯ ಕುರಿಗಳ ಮೈಮೇಲಿದೆ. ಮೇಣದ ನೂಲಿಗೆ ಹೊಸೆದರೆ ಕೀಟದ ಒಡಲಾಗುತ್ತದೆ. ನಾಟಿ ಹುಂಜದ ಕತ್ತಿನ ಗರಿ ನೀರಿನ ಮೇಲೆ ತೇಲುವ ಗಾಳಕ್ಕೆ, ಹೇಂಟೆಯ ಮೆತ್ತನೆಯ ಗರಿ ಮುಳುಗುವುದಕ್ಕೆ. ಗರಿಯ ಎಳೆ ಕೊಂಡಿಯ ಬಾಯಗಲದ ಒಂದೂವರೆ ಪಟ್ಟು ಉದ್ದವಿದ್ದರೆ ಹದ. ಭಾರತದ ಹುಂಜದ ಕತ್ತಿನ ತೊಗಲುಗಳು ಬಹುಕಾಲದಿಂದ ಪರದೇಶದ ಗಾಳಗಾರರ ಮೇಜನ್ನು ಸೇರುತ್ತಿವೆಯೆಂದರೆ ನಮ್ಮ ಸಂತೆಯ ಕೋಳಿಗಳಿಗೆ ಹೆಮ್ಮೆಯಾಗಬಹುದೋ ಏನೋ! ನವಿಲುಗರಿಯ ಎಳೆ ಹೊಳೆಯುತ್ತದೆ, ಆದರೆ ಬಲು ಪೆಡಸು; ನೂಲಿನೊಡನೆ ಹುರಿಮಾಡಿ ಸುತ್ತಿದರೆ ಮೀನಿನ ಹಲ್ಲಿಗೆ ತಡೆಯುತ್ತದೆ. ಗರಿ ತಾನಾಗಿ ಉದುರಿದ್ದಾಗಿರಬೇಕು. ನವಿಲನ್ನೂ ಬೂದು ಕಾಡುಕೋಳಿಯನ್ನೂ ಬೇಟೆಯಾಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ನಿಷೇಧಿಸಿದೆ.

ಕೊಂಡಿಯ ಅಂಕ ಹೆಚ್ಚಿದಂತೆ ಗಾತ್ರ ಕಿರಿದಾಗುತ್ತದೆ. ಗೆಂಡೆಗೆ 12 ಅಥವಾ 14, ಕುಚ್ಚಿಗೆ ಅದಕ್ಕಿಂತ ಬಹಳ ದೊಡ್ಡದು. ಕುಚ್ಚು ಕಪ್ಪೆ, ಮರಿಮೀನುಗಳನ್ನು ನುಂಗುವ ಪ್ರಾಣಿ; ಅದಕ್ಕೆ ಸೊಳ್ಳೆಯಂಥ ಗಾಳವನ್ನು ತೋರಿಸುವುದು ಪೈಲ್ವಾನನಿಗೆ ಒಂದು ಅಗುಳು ಬಡಿಸಿದಂತೆ.

ಇಷ್ಟೆಲ್ಲ ಸಿದ್ಧವಾದರೂ ನೀರು ಬೇಕಲ್ಲ! 2022ರಲ್ಲಿ ಜಯಮಂಗಲಿ ದಡ ಮೀರಿ ಹರಿದಳು. ಅಂಥ ವರ್ಷ ಬರುವುದು ಅಪರೂಪ. ಕೊಳವೆಬಾವಿಗಳು ಆಳಕ್ಕೆ ಇಳಿದಂತೆಲ್ಲ ಕೆರೆಯಂಗಳ ಬಿರುಕು ಬಿಡುತ್ತದೆ. ನೀರಿದ್ದಾಗಲೂ ಕೆರೆಯ ಮೀನಿನ ಹಕ್ಕನ್ನು ಗುತ್ತಿಗೆ ಕೊಡುವ ಪದ್ಧತಿಯುಂಟು; ಗುತ್ತಿಗೆದಾರರ ಒಪ್ಪಿಗೆ ಪಡೆಯದೆ ಗಾಳ ಹಾಕುವುದು ಇನ್ನೊಬ್ಬರ ಹೊಲಕ್ಕೆ ಇಳಿದಂತೆ. ಮಳೆ ಬಂದ ವರ್ಷದ ದುಡಿಮೆಯಿಂದಲೇ ಅವರು ಮಳೆ ಬಾರದ ವರ್ಷವನ್ನೂ ಕಳೆಯಬೇಕು.

ಪಾವಗಡದ ಕಡೆ ಮಾತು ತೆಲುಗಿಗೆ ಹೊರಳುತ್ತದೆ. ಗಾಳ ‘ಗಾಲಂ’ ಆಗುತ್ತದೆ. ತಿರುಮಣಿಯ ಸುತ್ತ 2,050 ಮೆಗಾವ್ಯಾಟಿನ ಸೌರಫಲಕಗಳು ದೂರದಿಂದ ತುಂಬಿದ ಕೆರೆಯಂತೆಯೇ ಮಿನುಗುತ್ತವೆ. ನಾಗಲಮಡಿಕೆಯಲ್ಲಿ ಪಿನಾಕಿನಿಯ ಪಾತ್ರ ಬರಿಯ ಮರಳಾಗಿತ್ತು. ಅಲ್ಲಿ ಮರದ ನೆರಳಿನ ಕಲ್ಲುಬೆಂಚಿಗೆ ವೈಸನ್ನು ಬಿಗಿದು, ಮುಂದಿನ ಮಳೆಗಾಲಕ್ಕೆಂದು ಆರು ಗರಿಗಾಳಗಳನ್ನು ಕಟ್ಟಿ ಡಬ್ಬಿಯಲ್ಲಿಟ್ಟುಕೊಂಡೆನು.